ಬಚ್ಚಲ ಮರಕ್ಕೆ ಹಳದಿ ಬಟ್ಟೆ

ಸೀಗೆಪಾಳ್ಯ, ತುರುವೇಕೆರೆ ತಾಲ್ಲೂಕು
3-2-2025, ಸೋಮವಾರ

ನನ್ನ ಮುದ್ದಿನ ಇಂಪನಾಗೆ,

ನಿನ್ನ ಹಣೆಗೆ ಇಲ್ಲಿಂದಲೇ ವಿಭೂತಿ ಹಚ್ಚಿ, ಶಿವನ ಹೆಸರು ಹೇಳಿ ಈ ಕಾಗದ ಶುರು ಮಾಡಿದ್ದೇನೆ. ಹೇಗಿದ್ದೀಯ ಮಗಾ? ಕಾಲಿನ ಬೊಬ್ಬೆ ವಾಸಿಯಾಯಿತೇ? ಬೂಟು ಕಚ್ಚಿದ ಕಡೆ ಹಚ್ಚಿಕೊ ಅಂತ ಕೊಬ್ಬರಿ ಎಣ್ಣೆ ಶೀಸೆ ತುಂಬಿಸಿ ಕಳಿಸಿದ್ದೆ, ಅದನ್ನು ನೀನು ತಲೆಗೆ ಹಚ್ಚಿ ಮುಗಿಸಿರುತ್ತೀಯ, ನನಗೆ ಗೊತ್ತು. ಫಾರೆಸ್ಟ್ ಗಾರ್ಡ್ ಟ್ರೈನಿಂಗ್ ಅಂದರೆ ಕಾಡು ತೋರಿಸಿ ಮರದ ಹೆಸರು ಹೇಳಿಕೊಡುತ್ತಾರೆ ಅಂದುಕೊಂಡಿದ್ದೆ. ನೀನು ನೋಡಿದರೆ ಬೆಳಗ್ಗೆಯೂ ಓಡಿಸುತ್ತಾರೆ, ಸಂಜೆಯೂ ಓಡಿಸುತ್ತಾರೆ ಅನ್ನುತ್ತೀಯ. ಮರ ಕದಿಯುವವನು ದಿಮ್ಮಿ ಹೊತ್ತುಕೊಂಡು ಅಷ್ಟು ದೂರ ಓಡುತ್ತಾನೆಯೇ? ಇರಲಿ, ಹೊಟ್ಟೆ ತುಂಬಾ ಉಣ್ಣು. ಅಲ್ಲಿಯ ಸಾರು ನೀರಾಗಿದ್ದರೆ ನಾನು ಕೊಟ್ಟ ಚಟ್ನಿಪುಡಿ ಕಲಸಿಕೊ, ಪಕ್ಕದವಳಿಗೂ ಕೊಡು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಅದರ ಪಾಡಿಗೆ ಅದಿದೆ, ನಾನು ನನ್ನ ಪಾಡಿಗೆ ಇದ್ದೇನೆ. ನಿಮ್ಮಮ್ಮ ಆರಾಮಾಗಿದ್ದಾಳೆ. ನಿಮ್ಮಪ್ಪ ದಯಾನಂದನೂ ಆರಾಮಾಗಿದ್ದಾನೆ, ಆದರೆ ಭಾನುವಾರ ನಿನ್ನ ಫೋನು ಬಂತೆಂದರೆ 'ಊಟ ಆಯ್ತಾ, ನಿದ್ದೆ ಆಯ್ತಾ' ಅಂತ ಅದನ್ನೇ ತಿರುಗಿಸಿ ಕೇಳುತ್ತಾ, ನಿಮ್ಮ ಕ್ಯಾಂಪಿನವರು ಫೋನು ಕೊಡುವ ಆ ಒಂದು ಗಳಿಗೆಯನ್ನು ಪೂರ್ತಿ ನುಂಗಿಬಿಡುತ್ತಾನೆ. ನನ್ನ ಕೈಗೆ ಬರುವ ಹೊತ್ತಿಗೆ ಫೋನು ಸತ್ತಿರುತ್ತದೆ. ಅದಕ್ಕೇ ಈ ಕಾಗದ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ಎಲ್ಲಾದರೂ ತಪ್ಪಿದ್ದರೆ ನಕ್ಕು ಮುಂದಕ್ಕೆ ಓದು. ಹಸು ಕರು ಚೆನ್ನಾಗಿವೆ. ನೀನು ಹುಟ್ಟಿದಾಗ ಬಚ್ಚಲ ಹಿಂದೆ ನೆಟ್ಟ ನಿನ್ನ ಹೆಸರಿನ ತೆಂಗಿನ ಮರವೂ ಚೆನ್ನಾಗಿದೆ, ಗೊನೆಗಳು ಜಗ್ಗುತ್ತಿವೆ. ಮರದ ವಿಷಯ ಈಗ ಬೇಡ, ಮೊದಲು ಬೋರೆಯ, ಅದೇ ನಮ್ಮೂರ ಹುಲ್ಲುಗುಡ್ಡದ, ವಿಷಯ ಹೇಳುತ್ತೇನೆ.

ನೀನು ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ್ದು ನೆನಪಿದೆಯೇ? ಬೇರೆ ಮನೆ ಹೆಣ್ಣುಮಕ್ಕಳು 'ಹೋಗ್ಬತ್ತೀನಿ ಅಜ್ಜಿ, ಹುಷಾರು' ಅನ್ನುತ್ತಾರೆ. ನೀನು ಕೂಗಿದ್ದು 'ಅಜ್ಜೀ, ಶಿವರಾತ್ರಿ ಒಳಗೆ ಕಂದಕ ಆಗ್ಬೇಕು, ಇಲ್ಲಾಂದ್ರೆ ಈ ಬ್ಯಾಸಗೇಲೂ ಬೋರೆ ಉರ್ದೋಯ್ತದೆ!' ಬಸ್ಸಿನವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಹೋದ ಬೇಸಿಗೆಯಲ್ಲಿ ಬೋರೆಗೆ ಬೆಂಕಿ ಬಿದ್ದಾಗ ಹಸಿ ಕೊಂಬೆ ಹಿಡಿದು ಬಡಿದು ಬಡಿದು, ಹುಬ್ಬು ಸುಟ್ಟುಕೊಂಡು ಮನೆಗೆ ಬಂದವಳು ನೀನು. ವೇಲಿನ ತುದಿಯಲ್ಲಿ ಗೌಜಲಕ್ಕಿಯ ಸುಟ್ಟ ಮೊಟ್ಟೆ ಕಟ್ಟಿಕೊಂಡು ಬಂದು ನನ್ನ ಮುಂದೆ ಬಿಚ್ಚಿದೆಯಲ್ಲ, ಆ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಅದಾದ ವಾರಕ್ಕೇ ಅಂಗಡಿ ಉಜ್ವಲ್, ನಿನ್ನ ಗೆಳತಿ ಚೈತ್ರ ಎಲ್ಲ ಸೇರಿಕೊಂಡು 'ಬೋರೆ ಬಳಗ' ಅಂತ ಮಾಡಿದಿರಿ. ಭಾನುವಾರವಾದರೆ ಲಂಟಾನ ಕಿತ್ತಿರಿ, ಮಣ್ಣು ತುಂಬುವ ಟ್ರ್ಯಾಕ್ಟರಿಗೆ ಅಡ್ಡ ನಿಂತಿರಿ. ಇಷ್ಟೆಲ್ಲ ಮಾಡಿದರೂ ಸುತ್ತ ಕಂದಕ ಇಲ್ಲದಿದ್ದರೆ ಯಾರೋ ಹೊಲದಲ್ಲಿ ಕಸಕ್ಕೆ ಇಟ್ಟ ಬೆಂಕಿ ಒಂದು ಮಧ್ಯಾಹ್ನಕ್ಕೆ ಎಲ್ಲ ನುಂಗುತ್ತದೆ ಅನ್ನುವುದು ಸರಿಯಾದ ಮಾತೇ.

ಆದರೆ ನೀನು ಹೋದದ್ದೇ ತಡ, ಊರಿನ ಬಾಯಿ ಸುಮ್ಮನಿರುತ್ತದೆಯೇ? ಡೈರಿ ಮುಂದೆ ಗಂಗಾಧರ ನನಗೆ ಕೇಳಿಸಲೆಂದೇ ಜೋರಾಗಿ 'ಹುಡ್ಗಿ ಕೆಲ್ಸ ಹಿಡ್ಕಂಡು ಹೋದ್ಲು, ಬೋರೆ ಕತೆ ಮುಗೀತು ಬುಡು' ಅಂದ. ನಾನು ಹಾಲಿನ ಕ್ಯಾನು ಕೆಳಗಿಟ್ಟು 'ಮಳೆಗಾಲ್ದಲ್ಲಿ ನಿನ್ನ ಹಸ ಎಲ್ಲಪ್ಪ ಮೇಯೋದು? ನಿಮ್ಮ ಮನೆ ಹಜಾರ್ದಲ್ಲಾ?' ಅಂತ ಕೇಳಿದೆ. ಬಾಯಿ ಮುಚ್ಚಿತು. ಬಾಯಿ ಮುಚ್ಚಿಸಿದರೆ ಕಂದಕ ಆಗುವುದಿಲ್ಲವಲ್ಲ. ಅಮ್ಮಸಂದ್ರದ ಕಡೆಯ ಜೆಸಿಬಿಯವನು ಮೊದಲು ದುಡ್ಡು, ಆಮೇಲೆ ಕೆಲಸ ಅಂದುಬಿಟ್ಟಿದ್ದ.

ಉಜ್ವಲ್ ಫೋನಿನಲ್ಲಿ ಏನೋ ನೋಡಿಕೊಂಡು ಬಂದು 'ಅಜ್ಜಿ, ಬೋರೆಗಾಗಿ ಓಟ ಇಡಾಣ' ಅಂದ. ಇಡಪ್ಪ ಅಂದೆ. ಪೇಟೆಯವರು ದುಡ್ಡು ಕಟ್ಟಿ ತಿಪಟೂರಿನಿಂದ ಕಾರು ಮಾಡಿಕೊಂಡು ಬಂದರು, ಒಂದೇ ಬಣ್ಣದ ಬನಿಯನ್ನು ಹಾಕಿಕೊಂಡು ಬೋರೆಯ ಸುತ್ತ ಓಡಿದರು. ನಮ್ಮ ಕರು ಹಗ್ಗ ಕಿತ್ತುಕೊಂಡು ಅವರ ಜೊತೆಗೇ ಓಡಿ ಎಲ್ಲರಿಗಿಂತ ಮುಂದೆ ಬಂತು. ಒಬ್ಬ ತಂಪು ಕನ್ನಡಕದವನು ನನ್ನ ಹತ್ತಿರ ಬಂದು 'ಅಜ್ಜಿ, ಕಾಡು ಉಳಿಸ್ತಾ ಇದೀರಂತೆ, ಕಾಡೆಲ್ಲಿದೆ?' ಅಂತ ಕೇಳಿದ. 'ನಿನ್ನ ಕಾಲಡೀಲೇ ಐತೆ ಕಣಪ್ಪ, ಹುಲ್ಲು. ಸ್ವಲ್ಪ ಜರುಗು' ಅಂದೆ. ಪಾಪ, ಒಳ್ಳೆಯ ಹುಡುಗ, ಆಮೇಲೆ ಬಗ್ಗಿ ಬಗ್ಗಿ ಹುಲ್ಲಿನ ಫೋಟೋ ತೆಗೆದ. ಎಲ್ಲ ಮುಗಿದು ನೋಡಿದರೆ ಬಂದದ್ದು ಬನಿಯನ್ನಿಗೂ ಬಾಳೆಹಣ್ಣಿಗೂ ಸರಿಹೋಗಿತ್ತು. ಉಜ್ವಲ್ ನಮ್ಮ ಜಗುಲಿಯ ಮೇಲೆ ಕೂತು ತಲೆ ಎತ್ತಲಿಲ್ಲ. ಕಾಫಿ ಕೊಟ್ಟರೆ ಅದೂ ಆರಿಹೋಯಿತು.

ಆಗ ನನಗೆ ಹೊಳೆದದ್ದು ಸ್ವಾಮಿ ಮರ. ನಮ್ಮ ಕಡೆ ತೋಟದಲ್ಲಿ ಒಂದು ಮರವನ್ನು ದೇವರಿಗೆ ಅಂತ ಬಿಟ್ಟು, ಅರಿಶಿನದಲ್ಲಿ ಅದ್ದಿದ ಬಟ್ಟೆಯನ್ನು ಎರಡು ಗಂಟು ಹಾಕಿ ಕಟ್ಟುತ್ತೇವಲ್ಲ. ಆಮೇಲೆ ಆ ಮರದ ಕಾಯಿ ಮನೆಯವರು ಮುಟ್ಟುವುದಿಲ್ಲ, ಒಂದು ಚಟ್ನಿಗೂ ತರುವುದಿಲ್ಲ. ಹಾಗೆಯೇ ಮನೆಗೊಂದು ಮರ ಬೋರೆಗೆ ಬಿಟ್ಟರೆ ಹೇಗೆ? ಕಂದಕಕ್ಕೂ ಆಯಿತು, ವರ್ಷಾ ವರ್ಷಾ ಅದನ್ನು ಹೂಳದಂತೆ ನೋಡಿಕೊಳ್ಳುವುದಕ್ಕೂ ಆಯಿತು. ಅರಳಿಕಟ್ಟೆಯಲ್ಲಿ ಎಲ್ಲರನ್ನೂ ಕೂಡಿಸಿ ಹೇಳಿದೆ. ಊರ ಹಿರಿಯರಾದ ಮಾಯಣ್ಣ ತಲೆಯಾಡಿಸಿ 'ದೇವ್ರಿಗೆ ಬಿಟ್ಟಂಗೇ ಕಣ್ರಪ್ಪ ಇದು, ಕಟ್ಟಿದ ಮ್ಯಾಲೆ ಬಿಚ್ಚಂಗಿಲ್ಲ' ಅಂದರು. ಎಲ್ಲರೂ ಹೂಂ ಅಂದರು. ಎಷ್ಟು ಸಲೀಸಾಗಿ ಹೂಂ ಅಂದರೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಚೈತ್ರ ದೊಡ್ಡ ಹಂಡೆಯಲ್ಲಿ ಅರಿಶಿನ ಕಲಸಿ ಬಟ್ಟೆ ಅದ್ದಿ ಮನೆಮನೆಗೆ ಹಂಚಿದಳು. ಮೂರು ದಿನಕ್ಕೆ ಊರ ತೋಟಗಳಲ್ಲೆಲ್ಲ ಹಳದಿ ಬಟ್ಟೆ. ನೋಡುವುದಕ್ಕೆ ಬಲು ಚೆಂದ.

ಕಾಯಿ ಕೆಡವಲು ಕೆಂಪಯ್ಯನಿಗೆ ಹೇಳಿದೆವು. ಬೋರೆ ಕೆಲಸಕ್ಕೆ ಕೂಲಿ ಬೇಡ, ಕಾಫಿ ಕೊಟ್ಟರೆ ಸಾಕು ಅಂದಿದ್ದ. ಬೆಳಗ್ಗೆ ಹೋದವನು ಮಧ್ಯಾಹ್ನಕ್ಕೆಲ್ಲ ವಾಪಸು ಬಂದು, ಗಾಡಿಯ ಮೂಲೆಯಲ್ಲಿ ಬಿದ್ದಿದ್ದ ಕಾಯಿ ತೋರಿಸಿ, ಹೆಗಲ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು 'ಅಮ್ಮಾರೇ, ಬಟ್ಟೆ ಕಟ್ಟಿದ ಮರ್‍ನೆಲ್ಲಾ ಹತ್ತಿ ಬಂದೆ. ಕಾಯಿಗಿಂತ ಬಟ್ಟೆನೇ ಜಾಸ್ತಿ ಅವೆ' ಅಂದ. ಆ ಕಾಯಿಯೂ ನುಸಿ ತಿಂದು ಮೂತಿ ಸೊಟ್ಟಗಾದವು. ಯಾರು ಯಾವ ಮರ ಕೊಟ್ಟಿದ್ದಾರೆ ಅಂತ ಒಂದೊಂದಾಗಿ ಹೇಳುತ್ತಾ ಹೋದ. ಗಂಗಾಧರ ಕೊಟ್ಟದ್ದು ಕರೆಂಟು ತಂತಿಯ ಮೇಲೆ ಬಾಗಿದ, ಯಾವನೂ ಹತ್ತದ ಮರ. ಪಕ್ಕದ ಮನೆ ಹೊಂಬಾಳಮ್ಮ ಕೊಟ್ಟದ್ದು ಕೋತಿಗಳು ಎಳನೀರಿದ್ದಾಗಲೇ ಮುಗಿಸುವ ಮರ. ಇನ್ನೊಬ್ಬರದು ಸಿಡಿಲು ಹೊಡೆದು ಸುಳಿ ಒಣಗಿದ್ದು. ಅದಕ್ಕೂ ಅರಿಶಿನದ ಬಟ್ಟೆ, ಅದಕ್ಕೂ ಕುಂಕುಮ!

ನನಗೆ ಬಂದ ಸಿಟ್ಟಿಗೆ ಮಂಡಿ ನೋವು ಮರೆತುಹೋಯಿತು. ಸಂಜೆ ಅರಳಿಕಟ್ಟೆಗೆ ಎಲ್ಲರನ್ನೂ ಕರೆಸಿದೆ. 'ನೆಂಟ್ರು ಬಂದ್ರೆ ಹಳಸಿದ್ದು ಬಡಿಸ್ತೀರಾ? ಬೋರೆ ನಿಮ್ಮ ದನ ಮೇಯಿಸ್ತು, ನಿಮ್ಮ ಬಾವಿಗೆ ನೀರು ಇಳಿಸ್ತು, ಅದಕ್ಕೆ ಸತ್ತ ಮರ ಕೊಡ್ತೀರಾ?' ಅಂತ ಶುರು ಮಾಡಿದೆ. ಗಂಗಾಧರನ ತಲೆ ಬಗ್ಗಿತು. ಮಾಯಣ್ಣ ಮೀಸೆ ತಿರುವುವುದನ್ನು ನಿಲ್ಲಿಸಿದರು. ಮಾತು ಇನ್ನೇನು ರಂಗೇರಬೇಕು, ಆಗ ಹೆಂಗಸರ ಮಧ್ಯದಿಂದ ಹೊಂಬಾಳಮ್ಮ ಎದ್ದಳು. ಸೊಂಟದ ಮೇಲೆ ಕೈ. 'ಎಲ್ಲಾ ಸರಿ ದ್ರಾಕ್ಷಾಯಣಕ್ಕ, ನೀವು ಕಟ್ಟಿದ್ದು ಯಾವ ಮರಕ್ಕೆ? ಆ ಕೊಟ್ಟಿಗೆ ಪಕ್ಕದ ಗೊಡ್ಡು ಮರಕ್ಕೆ ತಾನೇ? ನಮ್ಮ ಬೇಲಿ ಸಂದೀಲಿ ಕಾಣ್ತದೆ ಬುಡಿ' ಅಂದಳು.

ಇಂಪನಾ, ನಿನ್ನ ಅಜ್ಜಿಗೆ ಮಾತು ನಿಂತುಹೋದದ್ದನ್ನು ನೀನು ಕಂಡಿಲ್ಲ. ಅವತ್ತು ಊರು ಕಂಡಿತು. ಅವಳು ಅಂದದ್ದು ನಿಜ. ಗೊಡ್ಡಾದರೂ ಮರ ಮರವೇ ಅಲ್ಲವೇ ಅಂತ ನಾನೂ ಅದಕ್ಕೇ ಕಟ್ಟಿದ್ದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ನಮಗೆ ಬೇರೆ ಏನು ಬೇಕಾದರೂ ಕೈ ಬಿಚ್ಚಿ ಕೊಟ್ಟು ಅಭ್ಯಾಸ, ಕಾಯಿ ಬಿಡುವ ಮರ ಮಾತ್ರ ಕೇಳಬಾರದು.  ಕಟ್ಟೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು, ಹೊಂಬಾಳಮ್ಮ ನಕ್ಕಳು, ಕೊನೆಗೆ ನನಗೂ ನಗು ಬಂತು. ಅಷ್ಟು ಜನ ಕಳ್ಳರು ಒಟ್ಟಿಗೆ ಸಿಕ್ಕಿಬಿದ್ದು ನಕ್ಕದ್ದನ್ನು ನಾನು ಎಲ್ಲೂ ನೋಡಿಲ್ಲ.

ನಗು ಮುಗಿದ ಮೇಲೆ ನಾನೇ ಎದ್ದು ನಿಂತು ಹೇಳಿದೆ: ಇನ್ನು ಮೇಲೆ ಯಾವ ಮರ ಅಂತ ಆರಿಸುವ ಹಾಗಿಲ್ಲ. ಎಲ್ಲರೂ ಬಚ್ಚಲ ಮರವನ್ನೇ ಕೊಡಬೇಕು. ನಗುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಚ್ಚಲ ನೀರು ಕುಡಿದ ಮರ ಅಂದರೆ ಏನು ಅಂತ ನಿನಗೆ ಹೇಳಬೇಕೇ? ತೋಟವೆಲ್ಲ ಒಣಗಿದರೂ ಅದು ಒಣಗುವುದಿಲ್ಲ. ಮನೆಯವರೆಲ್ಲ ಮಿಂದ ನೀರು ಅದರ ಬುಡಕ್ಕೆ. ಹಬ್ಬಕ್ಕೆ ಕಾಯಿ ಬೇಕಾದರೆ ಅದರದ್ದೇ, ಬಾಣಂತಿಯ ಕೊಬ್ಬರಿಗೂ ಅದರದ್ದೇ. ಗಂಗಾಧರ ಸಣ್ಣ ದನಿಯಲ್ಲಿ 'ಅದು ನಮ್ಮವ್ವ ನೆಟ್ಟಿದ್ದು ಕಣಕ್ಕ' ಅಂದ. 'ನಿಮ್ಮವ್ವ ಬೋರೇಲಿ ಸೌದೆ ಆಯ್ದು ನೀರು ಕಾಯಿಸಿ ನಿನ್ನ ಮೀಯಿಸಿದ್ಲು ಕಣ್ಲಾ' ಅಂದೆ. ಅವನು ಎದ್ದು ಹೋದ. ಸಿಟ್ಟಾಗಿ ಹೋದ ಅಂದುಕೊಂಡೆ. ಮಾರನೇ ದಿನ ಹಾಲು ಹಾಕಲು ಹೋಗುವಾಗ ನೋಡುತ್ತೇನೆ, ಊರಿಗೆಲ್ಲ ಮೊದಲು ಬಟ್ಟೆ ಕಟ್ಟಿದ್ದು ಅವನ ಬಚ್ಚಲ ಮರಕ್ಕೆ. ಕಟ್ಟಿ, ಬುಡಕ್ಕೆ ಒಂದು ಚೊಂಬು ನೀರೂ ಹಾಕಿದ್ದ. ಅವತ್ತು ಡೈರಿ ಮುಂದೆ ನಾನೇ ಮೊದಲು ಅವನನ್ನು ಮಾತಾಡಿಸಿದೆ. ಹೊಂಬಾಳಮ್ಮನೂ ಕಟ್ಟಿ ಬಂದು ಬೇಲಿಯಾಚೆಯಿಂದಲೇ 'ನೋಡ್ರಿ ದ್ರಾಕ್ಷಾಯಣಕ್ಕ, ನಿಮ್ಮ ಮರಕ್ಕಿಂತ ನಮ್ಮದ್ರಲ್ಲಿ ಗೊನೆ ಜಾಸ್ತಿ' ಅಂತ ಕೂಗಿದಳು. ನಮ್ಮ ಮನೆಯದಕ್ಕೂ ಕಟ್ಟಿದೆ ಅಂತ ಇಟ್ಟುಕೊ. ಅದರ ವಿವರ ಬರೆಯುತ್ತಾ ಕೂತರೆ ಊಟದ ಕತೆ ಉಳಿದುಹೋಗುತ್ತದೆ.

ಕೆಡವಿದ ಕಾಯಿಯನ್ನು ಕೊಬ್ಬರಿ ಮಾಡಲು ವರ್ಷಗಟ್ಟಲೆ ಅಟ್ಟದಲ್ಲಿಡುವಷ್ಟು ಪುರುಸೊತ್ತು ಬೋರೆಗಿರಲಿಲ್ಲ. ಹಸಿಕಾಯಿಯಾಗಿಯೇ ಮಾರಬೇಕು, ಅಂದರೆ ಅಷ್ಟನ್ನೂ ಸುಲಿಯಬೇಕು. ಉಜ್ವಲ್ ಈ ಸಲ ಫೋನು ನೋಡಲಿಲ್ಲ, ತಾನೇ ಯೋಚನೆ ಮಾಡಿದ. ಸಂಕ್ರಾಂತಿ ಕಳೆದ ಭಾನುವಾರ ಶಾಲೆ ಬಯಲಿನಲ್ಲಿ ಸಾಲಾಗಿ ಹಾರೆ ನೆಟ್ಟು ಕಾಯಿ ಸುಲಿಯುವ ಪಂದ್ಯ ಇಟ್ಟ. ಗಂಡಸರಿಗೊಂದು, ಹೆಂಗಸರಿಗೊಂದು. ಸುಲಿಯುವುದಕ್ಕೆ ದುಡ್ಡು ಕೊಡುವ ಬದಲು ಸುಲಿಯುವವರೇ ದುಡ್ಡು ಕಟ್ಟಿ ಬಂದರು ನೋಡು! ಚಿಕ್ಕನಾಯಕನಹಳ್ಳಿಯಿಂದ, ಸಂಪಿಗೆಯಿಂದ, ಎಲ್ಲೆಲ್ಲಿಂದಲೋ ಬಂದರು. ಅಡುಗೆ ನಮ್ಮ ಹೆಂಗಸರದು. ಮುದ್ದೆ, ಹಿದುಕಿದ ಅವರೆಬೇಳೆ ಸಾರು, ಅನ್ನ, ಮಜ್ಜಿಗೆ. ಅವರೆಕಾಳು ಹಿದುಕಿ ಹಿದುಕಿ ಉಗುರ ಸಂದಿ ಇನ್ನೂ ಸೊಗಡು ಹೊಡೆಯುತ್ತಿದೆ. ಉಪ್ಪಿನ ಜವಾಬ್ದಾರಿ ನನ್ನದು, ಬೇರೆಯವರ ಕೈಗೆ ಕೊಡಲಿಲ್ಲ. ಉಂಡವರು ಎಲೆಯ ಪಕ್ಕ ಇಟ್ಟಿದ್ದ ಹುಂಡಿಗೆ ಕೈಲಾದಷ್ಟು ಹಾಕಿದರು. ಆ ತಂಪು ಕನ್ನಡಕದವನೂ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದ, ಮುದ್ದೆ ನುಂಗಲು ಬರದೆ ಅಗಿಯುತ್ತಾ ಕೂತಿದ್ದ.

ಹೆಂಗಸರ ಪಂದ್ಯ ಗೆದ್ದವಳು ಹೊಂಬಾಳಮ್ಮ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರೆ ಮುಂದೆ ನಿಂತಳು ಅಂದರೆ ಕಾಯಿಗೆ ಮೂರು ತಿರುವು, ಮಟ್ಟೆ ಆ ಕಡೆ, ಕಾಯಿ ಈ ಕಡೆ. ಸಂಪಿಗೆಯಿಂದ ಬಂದವಳು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇವಳ ಗುಡ್ಡೆ ಎದೆ ಮಟ್ಟ. ನಾನು ಎಷ್ಟು ಕೂಗಿದೆನೆಂದರೆ ಎರಡು ದಿನ ಗಂಟಲು ಕಟ್ಟಿತ್ತು. ಗೆದ್ದ ಸೀರೆಯನ್ನು ಅವಳು ಅಲ್ಲೇ ಹರಾಜಿಗಿಟ್ಟು ಅದರ ದುಡ್ಡನ್ನೂ ಹುಂಡಿಗೆ ಹಾಕಿದಳು. ಮಾಯಣ್ಣನವರು ಸವಾಲು ಕೂಗಿ ಕೂಗಿ ಆ ಸೀರೆಯನ್ನು ರೇಷ್ಮೆ ಬೆಲೆಗೆ ಮಾರಿದರು. ಮಟ್ಟೆಯನ್ನೂ ಬಿಡಲಿಲ್ಲ, ನಾರಿನ ಕಾರ್ಖಾನೆಯವರ ಲಾರಿಗೆ ತುಂಬಿಸಿದೆವು. ನಿಮ್ಮಪ್ಪ, ಮಾತೇ ಆಡದ ನಿಮ್ಮಪ್ಪ, ಮೈಕಿನಲ್ಲಿ 'ಇದು ನಮ್ಮ ಇಂಪನಾ ಶುರು ಮಾಡಿದ್ದು' ಅಂತ ಒಂದೇ ಮಾತು ಹೇಳಿ ಕೆಳಗಿಳಿದ. ಮೈಕು ಕುಯ್ ಅಂದು ಯಾರಿಗೂ ಸರಿಯಾಗಿ ಕೇಳಲಿಲ್ಲ. ನನಗೆ ಕೇಳಿತು.

ಜೆಸಿಬಿ ಬಂತು ಮಗಾ. ಬಯಲಿರುವ ಕಡೆ ಅದು ತೋಡಿತು, ಬಂಡೆ ಇರುವ ಕಡೆ, ಹುತ್ತದ ಹತ್ತಿರ, ಗುದ್ದಲಿ ಹಿಡಿದು ಊರವರು ತೋಡಿದರು. ಮೊದಲ ಮಂಕರಿ ಮಣ್ಣು ನಾನೇ ಎತ್ತಿ ಹಾಕಿದೆ. ಗೌಜಲಕ್ಕಿ ಕೂರುವ ಪೊದೆ ಸಿಕ್ಕಿದ ಕಡೆ ಚೈತ್ರ ಡ್ರೈವರಿಗೆ ಅಡ್ಡ ನಿಂತು ಕಂದಕವನ್ನು ಬಳಸಿ ತೆಗೆಸಿದಳು. ನಿನ್ನೆ ಭಾನುವಾರ ಕೆಲಸ ಮುಗಿಯಿತು. ನಿನ್ನೆಯೇ ಪರೀಕ್ಷೆಯೂ ಆಯಿತು. ಪಡುವಣದ ಹೊಲದಲ್ಲಿ ಯಾರೋ ರಾಗಿ ಕೂಳೆಗೆ ಬೆಂಕಿ ಇಟ್ಟು ಊಟಕ್ಕೆ ಹೋಗಿದ್ದರಂತೆ. ಗಾಳಿಗೆ ಅದು ಬದುವಿನ ಹುಲ್ಲು ಹಿಡಿದು ಬೋರೆಯ ಕಡೆ ಹರಿಯಿತು. ನಾವೆಲ್ಲ ಕೊಂಬೆ ಹಿಡಿದು ಓಡಿದೆವು. ನಾನೂ ಓಡಿದೆ, ನಗಬೇಡ. ಹೋಗುವಷ್ಟರಲ್ಲಿ ಬೆಂಕಿ ಕಂದಕದ ಅಂಚಿಗೆ ಬಂದು, ಆ ಕಡೆ ಈ ಕಡೆ ನಾಲಿಗೆ ಚಾಚಿ, ತಿನ್ನಲು ಏನೂ ಸಿಗದೆ ತಾನಾಗಿ ಸತ್ತಿತು. ಆಚೆ ಕಪ್ಪು, ಈಚೆ ಹೊಂಬಣ್ಣದ ಹುಲ್ಲು ಹಾಗೇ ನಿಂತಿತ್ತು.  ಗಂಗಾಧರ ಕೈಲಿದ್ದ ಕೊಂಬೆ ಕೆಳಗಿಟ್ಟು 'ಹುಡ್ಗಿಗೆ ಬರೀರಿ ಅಕ್ಕ' ಅಂದ. ಸಂಜೆ ಮೇಲೆ ಹತ್ತಿ ನೋಡಿದರೆ ಕೆಂಪು ಮಣ್ಣಿನ ಗೆರೆ ಸುತ್ತಲೂ, ಬೋರೆಯ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ. ನೀನು ಕೂಸಾಗಿದ್ದಾಗ ನಿನಗೆ 'ಬೀಳದಿರಲಿ, ಹೆದರದಿರಲಿ' ಅಂತ ನಾನೇ ಉಡಿದಾರ ಕಟ್ಟಿದ್ದೆ. ಈಗ ಬೋರೆಗೂ ಕಟ್ಟಿದ ಹಾಗಾಯಿತು.

ನಿಮ್ಮ ಸಾಹೇಬರಿಗೆ ಹೇಳು, ನಮ್ಮೂರಲ್ಲಿ ಕಾಡು ಕಾಯುವವರು ಡ್ರೆಸ್ಸು ಹಾಕಿಕೊಂಡಿಲ್ಲ, ಸೆರಗು ಕಟ್ಟಿಕೊಂಡಿದ್ದಾರೆ ಅಂತ. ಬೂಟಿಗೆ ಒಳಗೆ ಹತ್ತಿ ಇಟ್ಟುಕೊ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ. ನಿನ್ನ ಕೈಗೆ ಬಲ ಬರಲಿ, ಕಣ್ಣಿಗೆ ನಿದ್ದೆ ಬರಲಿ, ನೀನು ಕಾಯುವ ಕಾಡಿನಲ್ಲಿ ಮಳೆ ಬರಲಿ. ಶಿವ ನಿನ್ನ ಬೆನ್ನ ಹಿಂದಿರಲಿ.

ಇಂತಿ ನಿನ್ನ ಅಜ್ಜಿ,
ದ್ರಾಕ್ಷಾಯಣಮ್ಮ

ಇನ್ನೊಂದು ಮಾತು. ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಧೈರ್ಯ ಬಂದಿರಲಿಲ್ಲ. ಚೈತ್ರ ತುರುವೇಕೆರೆ ಪೋಸ್ಟಿಗೆ ಹಾಕಲು ಸ್ಕೂಟಿ ಮೇಲೆ ಕೂತು ಹಾರನ್ನು ಬಡಿಯುತ್ತಿದ್ದಾಳೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಬಟ್ಟೆ ಕಟ್ಟಿದ್ದು ನಿನ್ನ ಮರಕ್ಕೆ. ನಮ್ಮ ಬಚ್ಚಲ ಮರ ಅಂದರೆ ಅದೇ ತಾನೇ. ಊರಿಗೆಲ್ಲ ಬುದ್ಧಿ ಹೇಳಿ ನಾನು ಹಿಂದೆ ಸರಿಯಲು ಆಗಲಿಲ್ಲ. ನಿಮ್ಮಪ್ಪ 'ಅವ್ವಾ, ಅದು ಮಗೀನ ಹೆಸ್ರಿನ ಮರ, ಅವಳೇ ಕೊಡ್ಬೇಕು, ನೀನು ಕೊಡಂಗಿಲ್ಲ' ಅಂದ. ಅವನು ಹೇಳಿದ್ದು ಸರಿ. ನಾನು ಒಪ್ಪಿದೆ ಅಂತ ಅವನಿಗೆ ತಿಳಿಸಬೇಡ. ಅದಕ್ಕೇ ಒಂದೇ ಗಂಟು ಹಾಕಿದ್ದೇನೆ, ಕೆಂಪಯ್ಯನನ್ನು ಹತ್ತಲೂ ಬಿಡಲಿಲ್ಲ. ಈ ಸಲ ನಿನ್ನ ಮರದ ಕಾಯಿಗೆ ಬದಲಾಗಿ, ನನ್ನ ಕಿವಿಗೆ ಓಲೆ ಮಾಡಿಸಲು ಅಂತ ಅಟ್ಟದಲ್ಲಿಟ್ಟಿದ್ದ ಕಾಯಿ ಇಳಿಸಿ ಕೊಟ್ಟೆ. ಓಲೆ ಇಲ್ಲದಿದ್ದರೂ ಕಿವಿ ಕೇಳಿಸುತ್ತದೆ. ಶಿವರಾತ್ರಿಗೆ ರಜೆ ಕೇಳಿಕೊಂಡು ಬಾ. ಮೊದಲು ಬೋರೆ ಹತ್ತಿ ನೋಡು, ಆಮೇಲೆ ಮರದ ಹತ್ತಿರ ಹೋಗು. ಮನಸ್ಸಿದ್ದರೆ ಎರಡನೇ ಗಂಟು ನೀನು ಹಾಕು. ಇಲ್ಲದಿದ್ದರೆ ನನ್ನದನ್ನೂ ಬಿಚ್ಚಿಬಿಡು, ನಾನು ಒಂದು ಮಾತೂ ಅನ್ನುವುದಿಲ್ಲ, ಬರೆದೇ ಕೊಡುತ್ತಿದ್ದೇನೆ ನೋಡು. ಹೊಂಬಾಳಮ್ಮ ದಿನಾ ಬೇಲಿ ಸಂದಿಯಿಂದ ಇಣುಕುತ್ತಾಳೆ, ಗಂಟು ಒಂದೇ ಇರುವುದು ಅವಳ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಈಗೀಗ ಸಂಜೆ ಗಾಳಿ ಬೇರೆ ಜೋರಾಗಿದೆ. ಬೇಗ ಬಾ.